ಪಾರ್ಸೆಲ್‌ನಲ್ಲಿ ಬಂದ ಅಂಗಿಗಳು ಮತ್ತು ದಿಲಾವರ್ ಖಾನ್

ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಗಂಡ, ಹೆಂಡತಿ, ಮಗ ಮೂವರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಆಪ್ತಸಲಹೆಗೆ ಮೊದಲು ಬಂದವರು ಹೆಂಡತಿ, ಒಬ್ಬರೇ. ಮನೆ ವಿಜಯಪುರದಲ್ಲಿ. ಗಂಡನಿಗೆ 61 ವರ್ಷ. ಎಪಿಎಂಸಿಯಲ್ಲಿ ಅವರದೊಂದು ದಲಾಲಿ ಅಂಗಡಿ ಇದೆ. ಮೊದಲು ಜೋಳ, ತೊಗರಿ. ಈಚೆಗೆ ಒಣದ್ರಾಕ್ಷಿ ಜಾಸ್ತಿ.

"ನಮ್ಮ ಮನಿಯವರಿಗೆ ಏನೋ ಆಗೇತ್ರಿ ಮೇಡಂ. ಜನ್ಮದಾಗ ಬಿಳಿ ಅಂಗಿ ಬಿಟ್ಟು ಬ್ಯಾರೆ ಹಾಕಿದವರಲ್ಲ. ಈಗ ತಿಂಗಳಿಗೊಂದು ಡಬ್ಬಿ ಬರ್ತೈತಿ. ನೀಲಿ ಅಂಗಿ, ಹಸಿರು ಅಂಗಿ. ಯಾವಾಕಿನೋ ಹುಡುಗಿ ಆರಿಸಿ ಕಳಸ್ತಾಳಂತ. ರಾತ್ರಿ ನೋಡಿದ್ರ ಕಾದಂಬರಿ ಹಿಡಕೊಂಡು ಕುಂತಿರ್ತಾರ. ನಿದ್ದಿ ಇಲ್ಲ."

ಅವರ ಅನುಮಾನ ಏನು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ತಲೆಗೆ ಬಣ್ಣ ಹಚ್ಚುತ್ತಾರಾ ಅಂತ ಕೇಳಿದೆ. ಇಲ್ಲ. ಫೋನ್ ಮುಚ್ಚಿಡುತ್ತಾರಾ? ಇಲ್ಲ, ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಹೋಗುತ್ತಾರೆ. ಆ ಅಂಗಿ ಹಾಕಿಕೊಂಡು ಎಲ್ಲಿಗೆ ಹೋಗುತ್ತಾರೆ? ಈ ಪ್ರಶ್ನೆಗೆ ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಎಲ್ಲೂ ಹೋಗಂಗಿಲ್ರಿ. ಕನ್ನಡಿ ಮುಂದ ನಿಂತು ನೋಡ್ಕೊಂಡು ವಾಪಸ್ ಡಬ್ಬಿಗೆ ಹಾಕ್ತಾರ."

ನನ್ನ ಕಿವಿ ನಿಮಿರಿದ್ದು ಅಲ್ಲಿ. ಯಾರಿಗೋ ಚೆಂದ ಕಾಣಬೇಕು ಅನ್ನುವವರು ಅಂಗಿ ತೊಟ್ಟು ಹೊರಗೆ ಹೋಗುತ್ತಾರೆ, ಅಲ್ವಾ?

ಮುಂದಿನ ಸಲ ಯಜಮಾನರು ಬಂದರು. ಹಾಗಂತಲೇ ಕರೆಯೋಣ. ಬಿಳಿ ಅಂಗಿ, ಬಿಳಿ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು. ಪುಣೆಯಲ್ಲಿರುವ ಮಗಳು ಹುಟ್ಟುಹಬ್ಬದ ಉಡುಗೊರೆ ಅಂತ ಈ ಸೇವೆಗೆ ಅವರ ಹೆಸರು ಹಚ್ಚಿದ್ದಳು. ಎತ್ತರ, ಸೊಂಟ, ಭುಜ, ಇಷ್ಟದ ಬಣ್ಣ, ಬಜೆಟ್ ಎಲ್ಲ ಒಂದು ಫಾರ್ಮಿನಲ್ಲಿ ತುಂಬಬೇಕು. ಆ ಕಡೆ ಒಬ್ಬ ಸ್ಟೈಲಿಸ್ಟ್ ಅದನ್ನು ನೋಡಿ ಬಟ್ಟೆ ಆರಿಸಿ ಕಳಿಸುತ್ತಾರೆ. ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಗಡುವಿನೊಳಗೆ ವಾಪಸ್ ಮಾಡಬೇಕು. ಅಮೆರಿಕದಲ್ಲಿ 2011ರಲ್ಲಿ ಶುರುವಾದ ಸ್ಟಿಚ್ ಫಿಕ್ಸ್ ಕಂಪನಿ ಇದನ್ನು ಜನಪ್ರಿಯ ಮಾಡಿತು. ಅಲ್ಲಿ ಮೊದಮೊದಲು ಒಂದು ಪೆಟ್ಟಿಗೆಗೆ ಐದು ಬಟ್ಟೆ, ಆರಿಸಿಕೊಟ್ಟಿದ್ದಕ್ಕೆ 20 ಡಾಲರ್ ಶುಲ್ಕ ಇತ್ತು. ಏನಾದರೂ ಕೊಂಡರೆ ಆ ಶುಲ್ಕ ಬಿಲ್ಲಿನಲ್ಲಿ ಕಳೆಯುತ್ತಿತ್ತು, ಐದನ್ನೂ ಇಟ್ಟುಕೊಂಡರೆ ಶೇ 25 ರಿಯಾಯಿತಿ ಸಿಗುತ್ತಿತ್ತು. ಒಂದಾದರೂ ಇಟ್ಟುಕೊಳ್ಳಲಿ ಅನ್ನುವುದೇ ಲೆಕ್ಕಾಚಾರ. ಯಜಮಾನರು ಸೇರಿದ್ದು ಬೇರೆ ಸಣ್ಣ ಕಂಪನಿ, ಪದ್ಧತಿ ಹೆಚ್ಚುಕಡಿಮೆ ಅದೇ.

ಆ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತಂತೆ: ನಿಮ್ಮನ್ನು ನೋಡಿದವರಿಗೆ ಏನು ಅನ್ನಿಸಬೇಕು?

"ಹಂಗ ನನ್ನ ಯಾರೂ ಕೇಳಿದ್ದಿಲ್ರಿ," ಅಂದರು. ಉಳಿದದ್ದನ್ನೆಲ್ಲ ಅರ್ಧ ಗಂಟೆಯಲ್ಲಿ ತುಂಬಿದವರು ಇದೊಂದನ್ನು ಹಾಗೇ ಖಾಲಿ ಬಿಟ್ಟಿದ್ದರು. ಆಮೇಲೆ ವಾಟ್ಸ್ಯಾಪ್‌ನಲ್ಲಿ ಸ್ಟೈಲಿಸ್ಟ್‌ಗೆ ಉದ್ದ ಉತ್ತರ ಬರೆದಿದ್ದರು. ತಾವೇ ಫೋನ್ ತೆಗೆದು ಓದಿ ಹೇಳಿದರು. ಅಪ್ಪನ ಕಾಲದಲ್ಲಿ ಅಂಗಡಿ ಹೇಗಿತ್ತು, ಚಕ್ಕಡಿಯಲ್ಲಿ ಮಾಲು ಬರುತ್ತಿದ್ದದ್ದು, ಬರಗಾಲದಲ್ಲಿ ಯಾರ್ಯಾರಿಗೆ ಉದ್ರಿ ಕೊಟ್ಟರು, ಎಲ್ಲ ಇತ್ತು. ಆ ಹುಡುಗಿ ಒಂದು ನಗುವ ಮುಖ ಕಳಿಸಿ, ಎಲ್ ಸೈಜಾ ಎಕ್ಸ್ಎಲ್ ಸೈಜಾ ಅಂತ ಕೇಳಿದ್ದಳು. ಪಾಪ, ಅವಳ ಕೆಲಸ ಅಷ್ಟೇ.

ಇನ್ನು ಕಾದಂಬರಿಗಳ ವಿಷಯ. ಗ್ರಂಥಾಲಯದಿಂದ ತಂದು ಓದುವುದೆಲ್ಲ ಐತಿಹಾಸಿಕ ಕಾದಂಬರಿ. ಯುದ್ಧದ ಭಾಗ ಬಂದರೆ ಹಾಳೆ ಹಾರಿಸುತ್ತಾರೆ. ಅವರಿಗೆ ಬೇಕಾದ್ದು ದರ್ಬಾರು. ಅದರಲ್ಲೂ ವಿಜಯಪುರವನ್ನು ಆಳಿದ ಆದಿಲ್‌ಶಾಹಿ ಸುಲ್ತಾನರ ಕಾಲದ ದಿಲಾವರ್ ಖಾನ್. 1580ರಲ್ಲಿ ಎರಡನೇ ಇಬ್ರಾಹಿಂ ಗಾದಿಗೆ ಬಂದಾಗ ಇನ್ನೂ ಹುಡುಗ. ಅವನ ಹೆಸರಿನಲ್ಲಿ ಆಡಳಿತ ನಡೆಸಲು ಒಬ್ಬರಾದ ಮೇಲೊಬ್ಬರು ಬಂದರು, ಬಿದ್ದರು. ಕೊನೆಗೆ ದಿಲಾವರ್ ಖಾನ್ 1582ರಿಂದ ಸುಮಾರು 8 ವರ್ಷ ರಾಜ್ಯ ನಡೆಸಿದ. ಹುಡುಗ ದೊಡ್ಡವನಾದ, ಅಧಿಕಾರ ತನ್ನ ಕೈಗೆ ತೆಗೆದುಕೊಂಡ. ದಿಲಾವರ್ ಖಾನ್ ಅಹ್ಮದ್‌ನಗರಕ್ಕೆ ಓಡಿಹೋದ.

"ಇತಿಹಾಸದ ಪುಸ್ತಕದಾಗ ಅವಂದು ಎರಡು ಸಾಲು ಮುಗೀತ್ರಿ. ಆ ರಾತ್ರಿ ಅವಂಗ ಏನನ್ನಿಸಿರಬೇಕು ಅಂತ ಕಾದಂಬರಿ ಬರದವ್ರಷ್ಟ ಹೇಳ್ತಾರ."

ಅಂಗಡಿ ಈಗ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದೆ. ಮಗ. ಯಾವಾಗಿಂದ? ಹೋದ ದೀಪಾವಳಿಯಿಂದ. ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ಇವರು ಅಂಗಡಿಗೆ ಹೋಗುವಷ್ಟರಲ್ಲಿ ಮಗ ಗಾದಿಯ ಮೇಲೆ ಕೂತು ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚುತ್ತಿದ್ದ. "ಅಪ್ಪಾ, ಇನ್ನ ನೀವು ಮನ್ಯಾಗ ಆರಾಮ ಇರ್ರಿ" ಅಂದ. ಪ್ರೀತಿಯಿಂದಲೇ ಅಂದ, ಅದರಲ್ಲಿ ಅನುಮಾನವಿಲ್ಲ. ಇವರು ಪ್ರಸಾದ ತಿಂದು ಮನೆಗೆ ಬಂದರು. ಮರುದಿನದಿಂದ ಹೋಗಲಿಲ್ಲ.

ಆಮೇಲೆ ಅವರೇ ಒಂದು ಮಾತು ಹೇಳಿದರು. ಹಿಂದೆ ಸುಲ್ತಾನರು ಬೇಕಾದ ಸರದಾರನಿಗೆ ಖಿಲ್ಲತ್ ಕೊಡುತ್ತಿದ್ದರು. ನಿಲುವಂಗಿ, ಪಗಡಿ, ಶಾಲು. ಅದನ್ನು ತೊಟ್ಟು ದರ್ಬಾರಿಗೆ ಬಂದರೆ ಅವನ ಜಾಗ ಯಾವುದು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. "ನಮ್ಮ ಕಡೆ ಮದುವ್ಯಾಗ ಆಹೇರಿ ಮಾಡಿ ರುಮಾಲು ಸುತ್ತಾರಲ್ರಿ, ಹಂಗ. ನನಗ ಯಾರೂ ಸುತ್ತಲಿಲ್ಲ." ಹಾಗಂದು ನಕ್ಕರು. ನಾನು ನಗಲಿಲ್ಲ.

ಹೆಂಡತಿಯ ಅನುಮಾನಕ್ಕೂ ಈ ಪಾರ್ಸೆಲ್‌ಗಳಿಗೂ ಸಂಬಂಧವೇ ಇರಲಿಲ್ಲ. ಮನೆಯವರು ಕೊಡದೆ ಹೋದ ಮರ್ಯಾದೆಯನ್ನು ಈ ಮನುಷ್ಯ ತಿಂಗಳು ತಿಂಗಳು ತಾನೇ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದರು. ಬಂದದ್ದು ಸರಿಹೊಂದುತ್ತಿರಲಿಲ್ಲ, ವಾಪಸ್ ಕಳಿಸುತ್ತಿದ್ದರು. ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಇದು ಬಹಳ. ಜಮೀನು ಕೊಡುವಾಗ ಕಾಗದ ಮಾಡುತ್ತಾರೆ. ಅಂಗಡಿ ಕೊಡುವಾಗ ಒಂದು ಮಾತೂ ಆಡುವುದಿಲ್ಲ.

ಸಲಹೆಗೆ ಮೊದಲು ಒಂದು ಕೆಲಸ ಇತ್ತು. ನಿದ್ದೆ ಇಲ್ಲ, ಬೆಳಗಿನ ಜಾವ ಎಚ್ಚರ ಆಗುತ್ತದೆ ಅಂದರೆ ಅದು ಖಿನ್ನತೆಯೂ ಆಗಿರಬಹುದು. ಊಟ, ಆಸಕ್ತಿ, ಸುಸ್ತು, ಬದುಕು ಸಾಕು ಅನ್ನುವ ಯೋಚನೆ, ಎಲ್ಲವನ್ನೂ ನೇರವಾಗಿ ಕೇಳಿದೆ. ಕೊನೆಯದನ್ನು ಕೇಳಲು ಜನ ಹೆದರುತ್ತಾರೆ. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ ಅನ್ನುವುದು ಸುಳ್ಳು. ಅವರಿಗೆ ಅಂಥ ಯೋಚನೆ ಇರಲಿಲ್ಲ, ಊಟವೂ ಚೆನ್ನಾಗಿತ್ತು. ಆದರೂ ಸಕ್ಕರೆ, ಥೈರಾಯ್ಡ್ ಪರೀಕ್ಷೆಗೆ ವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ಮನಸ್ಸು ತೀರಾ ಕೆಟ್ಟರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ಆ ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಹಣ ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪಾರ್ಸೆಲ್ ನಿಲ್ಲಿಸಿ ಅಂತ ನಾನು ಹೇಳಲಿಲ್ಲ. ಹೆಂಡತಿಗೆ ಇದು ಸ್ವಲ್ಪ ಸಿಟ್ಟು ತರಿಸಿತು. ಆದರೆ ತಿಂಗಳಿಗೊಂದು ಬೇಡ, ಹಬ್ಬಕ್ಕೊಂದು ಸಾಕು ಅಂದೆ. ಡಬ್ಬಿ ಬಂದ ದಿನವೇ ಇಬ್ಬರೂ ಕೂತು ಬಿಚ್ಚಬೇಕು. ವಾಪಸಿನ ಕೊನೆ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಕೇಳುತ್ತಾ ಹೋದಾಗ ಇನ್ನೊಂದು ವಿಷಯ ಗೊತ್ತಾಯಿತು. ವಾಪಸ್ ಕಳಿಸಿದ ಬಟ್ಟೆಯ ದುಡ್ಡು ಬ್ಯಾಂಕ್ ಖಾತೆಗೆ ಬರದೆ ಕಂಪನಿಯ ವಾಲೆಟ್‌ನಲ್ಲೇ ಕೂರುತ್ತಿತ್ತು. ಅದು ಖಾಲಿಯಾಗಲಿ ಅಂತ ಇವರು ಮತ್ತೆ ಆರ್ಡರ್ ಮಾಡುತ್ತಿದ್ದರು. ಅರ್ಧ ಚಟ ಅಲ್ಲೇ ಇತ್ತು ನೋಡಿ! ವಾಪಸಾತಿ, ಹಣ ಮರುಪಾವತಿಯ ನಿಯಮ ಏನು ಅಂತ ಗ್ರಾಹಕರಿಗೆ ತಿಳಿಸಲೇಬೇಕು ಅನ್ನುತ್ತವೆ 2020ರ ಇ-ಕಾಮರ್ಸ್ ನಿಯಮಗಳು. ಮೊದಲು ಕಂಪನಿಗೇ ಬರೆದು ಕೇಳಿ, ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಅಂದೆ. ಲೆಕ್ಕದ ಮನುಷ್ಯ, ಇದನ್ನು ಮಾತ್ರ ತಕ್ಷಣ ಬರೆದುಕೊಂಡರು.

ಓದಿಗೆ ಒಂದೇ ನಿಯಮ: ಹಗಲು ಎಷ್ಟಾದರೂ ಓದಿ, ಹಾಸಿಗೆಯಲ್ಲಿ ಬೇಡ. ಮನೆಯವರು ಕಾದಂಬರಿಯನ್ನು ದೂರುತ್ತಿದ್ದರು. ನನಗೆ ಅದು ಸರಿ ಅನ್ನಿಸಲಿಲ್ಲ. ದಿಲಾವರ್ ಖಾನ್ ಇಲ್ಲದಿದ್ದರೆ ಇವರಿಗೆ ತಮ್ಮ ನೋವು ಹೇಳಲು ಬಾಯೇ ಬರುತ್ತಿರಲಿಲ್ಲ.

ಹೆಂಡತಿಗೆ ಬೇರೆಯಾಗಿ ಹೇಳಿದೆ. ಅನುಮಾನ ಬಂದರೆ ಮಗಳಿಗೆ ಫೋನ್ ಮಾಡುವ ಮೊದಲು ಗಂಡನನ್ನೇ ಕೇಳಿ. ಅವರು ಒಂದು ಹಸಿರು ಅಂಗಿ ಇಟ್ಟುಕೊಳ್ಳಬೇಕು ಅಂದುಕೊಂಡಾಗ "ಈ ವಯಸ್ಸಿನ್ಯಾಗ ಯಾಕ್ರಿ" ಅಂದಿದ್ದಿರಂತೆ. ಆ ಮಾತು ಮಗನ ಮಾತಿನ ಪಕ್ಕದಲ್ಲೇ ಹೋಗಿ ಕೂತಿದೆ.

ಮಗನನ್ನು ಕರೆಸುವುದೇ ಕಷ್ಟವಾಯಿತು. ಫೆಬ್ರುವರಿಯಿಂದ ದ್ರಾಕ್ಷಿ ಸುಗ್ಗಿ, ಶೆಡ್‌ಗಳಲ್ಲಿ ಒಣಗಿದ ಮಾಲು ಮಾರುಕಟ್ಟೆಗೆ ಬರುವ ಹೊತ್ತು. ಬಂದವನು ಅಪ್ಪನ ಮಾತು ಕೇಳಿ ತಬ್ಬಿಬ್ಬಾದ. "ನಾ ಅವರಿಗೆ ತ್ರಾಸ ಆಗಬಾರ್ದು ಅಂತ ಮಾಡಿದ್ದು ಮೇಡಂ." ಬಂಧುಗಳನ್ನು ಕರೆದು ಅಪ್ಪನಿಗೆ ಆಹೇರಿ ಮಾಡಿ, ಅಂಗಡಿ ಇವರ ಕೈಯಿಂದ ಬಂತು ಅಂತ ನಾಲ್ಕು ಜನರ ಮುಂದೆ ಹೇಳು ಅಂದೆ. ಅವನಿಗೆ ಅದು ನಾಟಕ ಅನ್ನಿಸಿತು. ಒತ್ತಾಯ ಮಾಡಲಿಲ್ಲ. ಹಾಗಾದರೆ ನಿನಗೆ ಬರದ, ಅಪ್ಪನಿಗೆ ಮಾತ್ರ ಬರುವ ಕೆಲಸ ಯಾವುದಿದೆ ಯೋಚಿಸು ಅಂದೆ. ಸುಮ್ನೆ ಹೊತ್ತು ಕಳೆಯಲು ಕೊಡುವ ಕೆಲಸ ಬೇಡ, ಅದು ಅವರಿಗೆ ಕೂಡಲೇ ಗೊತ್ತಾಗುತ್ತದೆ.

ಅವನೇ ಹುಡುಕಿದ. ತಿಕೋಟಾ ಕಡೆಯ ಹಳೇ ರೈತರು ಕೆಲವರು ಮಗನ ಫೋನ್ ಎತ್ತುತ್ತಿರಲಿಲ್ಲ, ಬಾಕಿ ಹಾಗೇ ನಿಂತಿತ್ತು. ಈಗ ವಾರಕ್ಕೆರಡು ದಿನ ಯಜಮಾನರು ಆ ಹಳ್ಳಿಗಳಿಗೆ ಹೋಗುತ್ತಾರೆ. ವಸೂಲಿ ಎಷ್ಟಾಯಿತೋ ನಾನು ಕೇಳಿಲ್ಲ. ನಿದ್ದೆ ಸುಧಾರಿಸಿದೆ, ಥೈರಾಯ್ಡ್ ಸರಿಯಿದೆ. ಸಕ್ಕರೆ ಸ್ವಲ್ಪ ಜಾಸ್ತಿ ಬಂದಿದ್ದರಿಂದ ಅದಕ್ಕೆ ಔಷಧಿ ನಡೆದಿದೆ. ಆಹೇರಿಯ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ. ಅದನ್ನು ದೀಪಾವಳಿಗೆ ಮೊದಲು ಮೂವರನ್ನೂ ಕೂರಿಸಿಕೊಂಡು ಕೇಳಬೇಕು ಅಂತಿದ್ದೇನೆ.