ಫಾರೋ ಲ್ಯಾಬ್‌ಗೆ ಮ್ಯಾನುಯಲ್ ಬರೆಯಬೇಕಾ, ಪಿಪಿಟಿ ಸಾಕಾ?

ಎರಡೂ ಬೇಡ.

ಜಾವಾ ಬಿಟ್ಟು ಬೇರೇನೂ ನೋಡದ ಹುಡುಗರಿಗೆ ಫಾರೋ (ಸ್ಮಾಲ್‌ಟಾಕ್ ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆಯ ಈಗಿನ ರೂಪ) ಎಲೆಕ್ಟಿವ್ ಹೇಳಿಕೊಡಬೇಕು, ಹೇಗೆ ಅಂತ ಕೇಳಿದ್ದೀರಿ. ಮೈಸೂರು ರಸ್ತೆ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ತಲೆಗೂ ಇದನ್ನೇ ಕಟ್ಟಿದ್ದರು. ನಾನು ಮ್ಯಾನುಯಲ್ ಬರೆದೆ. ಒಂದೊಂದು ಕ್ಲಿಕ್‌ಗೂ ಸ್ಕ್ರೀನ್‌ಶಾಟ್. ಎಚ್‌ಒಡಿ ಭಾರಿ ಖುಷಿಯಾದರು.

ಅದರಲ್ಲಿ ಒಂದು ಸಾಲಿತ್ತು: 'ಡಿಬಗ್ಗರ್ ತೆರೆದುಕೊಂಡರೆ ಅಬ್ಯಾಂಡನ್ ಒತ್ತಿ, ಮೊದಲಿನಿಂದ ಶುರು ಮಾಡಿ.' ಡಿಬಗ್ಗರ್ ಅಂದರೆ ತಪ್ಪಾದಾಗ ಪ್ರೋಗ್ರಾಂ ನಿಲ್ಲಿಸಿ ಒಳಗೆ ಏನಾಗಿದೆ ಅಂತ ತೋರಿಸುವ ಕಿಟಕಿ, ಅಬ್ಯಾಂಡನ್ ಅದನ್ನು ಮುಚ್ಚುವ ಗುಂಡಿ. ನನ್ನನ್ನು ಮುಳುಗಿಸಿದ್ದು ಈ ಸಾಲು. ಯಾಕೆ ಬರೆದೆ ಅಂದರೆ, ಲ್ಯಾಬ್ ಟೈಮಿಗೆ ಸರಿಯಾಗಿ ಮುಗಿಯಬೇಕಿತ್ತು. ನಾಲ್ಕೂ ಮೂಲೆಯಿಂದ 'ಸರ್, ಇಲ್ಲಿ ಬನ್ನಿ' ಅಂತ ಕೂಗು. ಆ ಕಿಟಕಿಯಲ್ಲಿ ಏನೇನಿದೆ ಅಂತ ನನಗೇ ಪೂರ್ತಿ ಗೊತ್ತಿರಲಿಲ್ಲ, ಹುಡುಗರ ಮುಂದೆ ತಡವರಿಸಲು ನಾಚಿಕೆ. ಜಾವಾದಲ್ಲಿ ಹಿಡಿಯದ ಎಕ್ಸೆಪ್ಷನ್ (ಓಡುವಾಗ ಎದ್ದ ತಪ್ಪು) ಬಂದರೆ ಪ್ರೋಗ್ರಾಂ ಕಥೆ ಮುಗಿಯಿತು, ಉಳಿಯುವುದು ಕೆಂಪು ಅಕ್ಷರ. ಫಾರೋದಲ್ಲಿ ಹಾಗಲ್ಲ. ಅದು ಸುಮ್ನೆ ನಿಂತಿರುತ್ತದೆ. ಯಾವ ಆಬ್ಜೆಕ್ಟ್ ಒಳಗೆ ಏನಿದೆ ಅಂತ ತೆರೆದು ನೋಡಬಹುದು. ಕರೆದ ಮೆಥಡ್ (ಆಬ್ಜೆಕ್ಟ್ ಒಂದು ಕೆಲಸ ಮಾಡುವ ಕೋಡ್) ಇಲ್ಲ ಅಂತ ನಿಂತಿದ್ದರೆ ಅಲ್ಲೇ ಕ್ರಿಯೇಟ್ ಒತ್ತಿ, ಮೆಥಡ್ ಬರೆದು, ಪ್ರೊಸೀಡ್ ಕೊಟ್ಟರೆ ಸಾಕು, ನಿಂತಲ್ಲಿಂದಲೇ ಮುಂದೆ ಹೋಗುತ್ತದೆ. ನಾನು ಅದನ್ನೇ ಮುಚ್ಚಿ ಅಂತ ಹೇಳಿಕೊಟ್ಟಿದ್ದೆ!

ಪ್ರಾಕ್ಟಿಕಲ್ ದಿನ ಎಕ್ಸ್‌ಟರ್ನಲ್ ಬಂದವರು ಒಂದು ಮೆಥಡ್ ಹೆಸರಿನಲ್ಲಿ ಒಂದಕ್ಷರ ಬದಲಿಸಿ, 'ಈಗ ಸರಿ ಮಾಡಮ್ಮ' ಅಂದರು. ಹುಡುಗಿ ಡಿಬಗ್ಗರ್ ಮುಚ್ಚಿದಳು, ಮೊದಲಿನಿಂದ ಶುರು ಮಾಡಿದಳು. ಮತ್ತೆ ಬಂತು, ಮತ್ತೆ ಮುಚ್ಚಿದಳು. ಪಕ್ಕದವನೂ ಅದೇ, ಅವನ ಪಕ್ಕದವನೂ ಅದೇ. ಮ್ಯಾನುಯಲ್ ಪ್ರಕಾರ ಎಲ್ಲರದೂ ಸರಿ. ಮುಂದಿನ ವರ್ಷ ಎಲೆಕ್ಟಿವ್ ಪಟ್ಟಿಯಲ್ಲಿ ಫಾರೋ ಇರಲಿಲ್ಲ.

'ಮೊದಲು ಸಿಂಟ್ಯಾಕ್ಸ್ ಮುಗಿಸಬೇಕಲ್ವಾ' ಅಂತಲೂ ಬರೆದಿದ್ದೀರಿ. ಬೇಕಿಲ್ಲ. ಸ್ಮಾಲ್‌ಟಾಕ್ ಸಿಂಟ್ಯಾಕ್ಸ್, ಅಂದರೆ ಬರೆಯುವ ನಿಯಮಗಳೆಲ್ಲ, ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಯುತ್ತದೆ. 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಸ್ಮಾಲ್‌ಟಾಕ್ ರೂಪಿಸಿದ ಅಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್ ಅವರ ಗುಂಪು ಇದನ್ನು ಶಾಲೆ ಮಕ್ಕಳಿಗೇ ಹೇಳಿಕೊಟ್ಟಿತ್ತು. ಕಷ್ಟ ಇರುವುದು ಬೇರೆ ಕಡೆ. ನಿಮ್ಮ ಕೋಡ್, ಎಡಿಟರ್, ಡಿಬಗ್ಗರ್, ಮೆನು ಎಲ್ಲ ಒಂದೇ ಇಮೇಜಿನೊಳಗೆ (ಓಡುತ್ತಿರುವ ಇಡೀ ವ್ಯವಸ್ಥೆಯನ್ನು ಹಾಗೇ ಉಳಿಸಿಟ್ಟ ಪ್ರತಿ) ಇರುತ್ತವೆ, ಎಲ್ಲವನ್ನೂ ಬದಲಿಸಬಹುದು. 'ಅದನ್ನ ಮುಟ್ಟಬೇಡ' ಅಂತ ಕೇಳಿಕೊಂಡೇ ಬೆಳೆದ ಮಕ್ಕಳಿಗೆ ಅದೇ ಗಾಬರಿ.

ಈಗ ಶನಿವಾರ ಬಸವನಗುಡಿಯಲ್ಲಿ ಒಂದಷ್ಟು ಹುಡುಗರಿಗೆ ಕಲಿಸುತ್ತೇನೆ. ಮೊದಲ ಕ್ಲಾಸಿಗೆ ಫಾರೋದ ಫೈಂಡರ್ (ಮೆಥಡ್ ಹುಡುಕುವ ಕಿಟಕಿ) ತೆರೆಸಿ, ಎಕ್ಸಾಂಪಲ್ಸ್ ಆರಿಸಿ, 3, 4, 7 ಅಂತ ನಡುವೆ ಚುಕ್ಕಿ ಇಟ್ಟು ಹಾಕಿಸುತ್ತೇನೆ. 3 ಮತ್ತು 4ರಿಂದ 7 ಕೊಡುವ ಮೆಥಡ್‌ಗಳನ್ನು ಅದೇ ಹುಡುಕುತ್ತದೆ. ಕೂಡುವ ಚಿಹ್ನೆ ಬರುತ್ತದೆ, ಜೊತೆಗೆ ಬಿಟ್‌ಆರ್ (ಎರಡು ಸಂಖ್ಯೆಗಳ ಬೈನರಿಯಲ್ಲಿ ಒಂದರಲ್ಲಾದರೂ 1 ಇದ್ದ ಕಡೆ 1 ಇಡುವ ಮೆಥಡ್) ಕೂಡ ಬರುತ್ತದೆ. 'ಇದ್ಯಾಕೆ ಬಂತು ಸರ್?' ಅನ್ನುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಯಾರೋ ಒಬ್ಬರು 3, 5, 8 ಹಾಕುತ್ತಾರೆ, ಬಿಟ್‌ಆರ್ ಮಾಯ. ಪೇಪರ್ ಎಳೆದುಕೊಂಡು ಬೈನರಿ ಬರೆಯಲು ಕೂರುತ್ತಾರೆ. ಆ ಹೊತ್ತಿಗೆ ಸಿಂಟ್ಯಾಕ್ಸ್ ಯಾರಿಗೂ ನೆನಪಿರುವುದಿಲ್ಲ.

ಆಮೇಲೆ ಬೇಕಂತಲೇ ಕೆಡಿಸಲು ಬಿಡಿ. ಬೂಲಿಯನ್ (ನಿಜ-ಸುಳ್ಳು ಬೆಲೆಗಳ) ಕ್ಲಾಸಿನ ಮೆಥಡ್‌ಗೆ ಕೈ ಹಾಕಿದರೆ ಇಡೀ ಇಮೇಜ್ ಸ್ತಬ್ಧ ಆಗಬಹುದು. ಆಗಲಿ. ಮೊದಲೇ ಇಮೇಜ್ ಮತ್ತು ಚೇಂಜಸ್ ಫೈಲ್ (ಕೋಡಿಗೆ ಮಾಡಿದ ಬದಲಾವಣೆ ದಾಖಲಾಗುವ ಕಡೆ) ಎರಡನ್ನೂ ಕಾಪಿ ಮಾಡಿಸಿಟ್ಟಿರಿ. ಒಂದನ್ನೇ ಕಾಪಿ ಮಾಡಿ ಆಮೇಲೆ ಪರದಾಡುವವರು ಜಾಸ್ತಿ.

ಇಂಟರ್ನಲ್ಸ್ ಹೇಗೆ ಕೊಡೋದು ಅಂತೀರಾ? ಔಟ್‌ಪುಟ್ ಪ್ರಿಂಟ್ ಅಂಟಿಸಿದ ರೆಕಾರ್ಡ್‌ಗೆ ಮಾರ್ಕ್ಸ್ ಕೊಡಬೇಡಿ. ಏನಾಗುತ್ತದೆ ಅಂದುಕೊಂಡೆ, ಏನಾಯಿತು, ಎಲ್ಲಿ ತೆರೆದು ನೋಡಿದೆ, ಇಷ್ಟು ಬರೆಸಿ. ಎಚ್‌ಒಡಿ ಮ್ಯಾನುಯಲ್ ಎಲ್ಲಿ ಅಂತ ಕೇಳೇ ಕೇಳುತ್ತಾರೆ. ಹುಡುಗರ ರೆಕಾರ್ಡ್‌ಗಳನ್ನೇ ಬೈಂಡ್ ಮಾಡಿಸಿ ಕೊಟ್ಟುಬಿಡಿ.