ತಾತನ ಕ್ಷೌರದ ಕತ್ತಿಯಲ್ಲಿ ಗಡ್ಡ ಮಾಡಿಕೊಳ್ಳಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸಕಲೇಶಪುರದ ಮನೆಯ ಅಟ್ಟದಲ್ಲಿ ತಾತನ ಮಡಚುವ ಕ್ಷೌರದ ಕತ್ತಿ ಸಿಕ್ಕಿತು. ಕತ್ತಿಗಳಿಗೆ ಹೆಸರಾದ ಜರ್ಮನಿಯ ಊರು ಸೋಲಿಂಗೆನ್‌ನ ಹೆಸರು ಕೆತ್ತಿದೆ. ತೋಟದ ಕತ್ತಿ ಮಸೆಯುವ ಸಾಣೆಕಲ್ಲಿನಲ್ಲೇ ಹತ್ತು ನಿಮಿಷ ಮಸೆದು ಕೆನ್ನೆಗಿಟ್ಟರೆ ಕೂದಲು ಕಿತ್ತ ಹಾಗಾಗುತ್ತದೆ, ಆಮೇಲೆ ಒಂದೇ ಉರಿ. ತಪ್ಪು ನನ್ನ ಕೈಯದೋ, ಕತ್ತಿಯದೋ?

ಉತ್ತರ: ಕತ್ತಿಯದು. ಕೈ ಇನ್ನೂ ಪಳಗಿರುವುದಿಲ್ಲ, ನಿಜ. ಆದರೆ ಕಿತ್ತ ಹಾಗಾಗುವುದು, ಉರಿಯುವುದು ಕತ್ತಿಯ ಬಾಯಿ, ಅಂದರೆ ಕತ್ತರಿಸುವ ಅಂಚು, ಮೊಂಡಾಗಿರುವ ಲಕ್ಷಣ. ಬಾಯಿ ಸರಿಯಾಗುವವರೆಗೆ ಅದನ್ನು ಮುಖಕ್ಕೆ ತಾಗಿಸಬೇಡಿ, ಆ ಸಾಣೆಕಲ್ಲಿಗಂತೂ ಮತ್ತೆ ಒಯ್ಯಲೇಬೇಡಿ.

ತೋಟದಲ್ಲಿ ಕೊಂಬೆ ಸವರುವ ಮರಗಸಿ ಕತ್ತಿ ಮಸೆಯುವಾಗ ನಾವು ಅದರ ಬೆನ್ನನ್ನು (ಬಾಯಿಗೆ ಎದುರಿನ ದಪ್ಪ ಅಂಚನ್ನು) ಕಲ್ಲಿನಿಂದ ಎತ್ತಿ ಹಿಡಿಯುತ್ತೇವೆ. ಕ್ಷೌರದ ಕತ್ತಿಯ ಲೆಕ್ಕವೇ ಬೇರೆ. ಅದರ ಬೆನ್ನೂ ಬಾಯೂ ಒಟ್ಟಿಗೆ ಕಲ್ಲಿನ ಮೇಲೆ ಕೂತಿರಬೇಕು, ಯಾಕೆಂದರೆ ಕೋನ ನಿರ್ಧರಿಸುವುದು ಬೆನ್ನಿನ ದಪ್ಪ. ಅಲಗು 16 ಮಿ.ಮೀ. ಅಗಲ, ಬೆನ್ನು 4.5 ಮಿ.ಮೀ. ದಪ್ಪ ಇದ್ದರೆ ಎರಡೂ ಬದಿ ಸೇರಿ ಸುಮಾರು 16 ಡಿಗ್ರಿ ಕೋನ ತಾನಾಗಿ ಬರುತ್ತದೆ. ಬೆನ್ನು ಕೂದಲೆಳೆಯಷ್ಟು ಎದ್ದರೂ ಆ ಲೆಕ್ಕ ಕೆಟ್ಟು ಬಾಯಿ ದಪ್ಪವಾಗುತ್ತದೆ. ಇನ್ನು ಹಾರ್ಡ್‌ವೇರ್ ಅಂಗಡಿಯ ಕಪ್ಪು ಸಾಣೆಕಲ್ಲಿನ ತರಿ ಎಷ್ಟು ಒರಟೆಂದರೆ, ಅದು ಬಿಡುವ ಗೀರುಗಳಿಂದ ಬಾಯಿ ಗರಗಸದಂತಾಗುತ್ತದೆ. ನಿಮ್ಮ ಕೆನ್ನೆಗೆ ತಿಳಿದದ್ದು ಅದೇ. ನುಣುಪಾಗಿದೆಯೆಂದು ಹೇಮಾವತಿ ಹೊಳೆಯ ಕಲ್ಲು ತರುವುದೂ ಬೇಡ. ಅದರ ಮೈ ಮಟ್ಟಸವಾಗಿರುವುದಿಲ್ಲ, ಕಣವೂ ಒಂದೇ ಸಮ ಇರುವುದಿಲ್ಲ. ಬೇಲೂರು, ಹಳೇಬೀಡಿನ ಗುಡಿಗಳ ಬಳಪದ ಕಲ್ಲು ಕೆತ್ತನೆಗೆ ಎಷ್ಟು ಚೆನ್ನವೋ ಮಸೆಯಲು ಅಷ್ಟೇ ನಿಷ್ಪ್ರಯೋಜಕ: ಉಕ್ಕನ್ನು ಸವೆಸುವ ಗಟ್ಟಿತನ ಅದಕ್ಕಿಲ್ಲ.

ಮೊದಲು ಕತ್ತಿ ಉಳಿಯುವಂಥದ್ದೇ ನೋಡಿ. ಮೈಮೇಲಿನ ಕಪ್ಪು ಕಲೆಗಳಿಂದ ತೊಂದರೆಯಿಲ್ಲ. ಬಾಯಿಯ ಅಂಚಿನಲ್ಲೇ ತುಕ್ಕು ತಿಂದ ಗುಳಿಗಳಿದ್ದರೆ, ಮಸೆದಷ್ಟೂ ಹೊಸ ಗುಳಿ ಬಾಯ್ತೆರೆಯುತ್ತವೆ. ಸೀಳು ಬಿಟ್ಟಿದ್ದರೆ ಬಳಸಲೇಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಈ ಕೆಲಸದುದ್ದಕ್ಕೂ ಬೇಕಾಗುತ್ತದೆ. ದಪ್ಪ ಗಾಜಿನ ಮೇಲೆ ಅಲಗನ್ನು ಅಡ್ಡ ಇಟ್ಟರೆ ವಾರೆಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ತುಕ್ಕನ್ನು 2000 ನಂಬರಿನ ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ, ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಉಜ್ಜಿ ತೆಗೆಯಿರಿ. ಹಿಡಿ ಕೊಂಬಿನದಾದರೆ ಬಿಸಿನೀರಿನಲ್ಲಿ ನೆನೆಸಬೇಡಿ, ಸೊಟ್ಟಗಾಗುತ್ತದೆ. ಕೊನೆಗೆ ಸ್ಪಿರಿಟ್‌ನಿಂದ ಒರೆಸಿ.

ಮಸೆಯಲು ನೀರು ಹಾಕಿ ಬಳಸುವ ಮೂರು ಕಲ್ಲು ಸಾಕು: 1000, 4000, 8000 ಗ್ರಿಟ್ (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು). ಮುಂದೆ 12000 ಸೇರಿಸಿಕೊಂಡರೆ ಬಾಯಿ ಇನ್ನೂ ಮೃದುವಾಗಿ ಓಡುತ್ತದೆ. ಹೊಸ ಕಲ್ಲು ಮಟ್ಟಸವಾಗಿದೆ ಎಂದು ನಂಬಬೇಡಿ. ಮೇಲೆಲ್ಲ ಪೆನ್ಸಿಲ್ ಗೆರೆ ಹಾಕಿ, ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಇಟ್ಟು, ನೀರು ಹಾಕಿ, ಗೆರೆಗಳೆಲ್ಲ ಅಳಿಯುವವರೆಗೆ ಕಲ್ಲನ್ನು ಅದರ ಮೇಲೆ ಉಜ್ಜಿ.

ಅರ್ಧಕ್ಕಿಂತ ಹೆಚ್ಚು ಕೆಲಸ 1000ರ ಕಲ್ಲಿನಲ್ಲೇ ಮುಗಿಯಬೇಕು. ಬಾಯಿಯ ಎರಡೂ ಬದಿಯ ಇಳಿಜಾರಿಗೆ ಮಾರ್ಕರ್ ಹಚ್ಚಿ, ಕತ್ತಿಯನ್ನು ಮಲಗಿಸಿ, ಬಾಯಿ ಮುಂದಾಗಿ, ಕಲ್ಲಿನ ಮೇಲಿನ ತೆಳು ಪದರವೊಂದನ್ನು ಹೆರೆದು ತೆಗೆಯುವವರ ಹಾಗೆ ಸರಿಸಿ. ಕಲ್ಲು ಅಲಗಿಗಿಂತ ಕಿರಿದಾಗಿದ್ದರೆ ಹಿಡಿಯ ಕಡೆಯಿಂದ ಶುರುಮಾಡಿ, ತುದಿಯ ಕಡೆಗೆ ಓರೆಯಾಗಿ ಎಳೆದುಕೊಂಡು ಹೋಗಿ. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಿ. ಭಾರ ಹಾಕಬೇಡಿ. ಒತ್ತಿದರೆ ತೆಳುವಾದ ಅಲಗು ಬಾಗಿ ಬಾಯಿ ಕಲ್ಲಿನಿಂದ ಏಳುತ್ತದೆ, ಸವೆಯುವುದು ಬೆನ್ನು ಮಾತ್ರ. ಮಾರ್ಕರ್ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಲ್ಲ. ನಿಮ್ಮ ಕತ್ತಿಗೆ ಈಗಾಗಲೇ ಒರಟು ಕಲ್ಲು ತಗುಲಿರುವುದರಿಂದ ಆ ಗೀರುಗಳೆಲ್ಲ ಹೋಗಲು ನೂರಿನ್ನೂರು ಸುತ್ತು ಬೇಕಾದರೂ ಆಶ್ಚರ್ಯವಿಲ್ಲ. ಹೋಗಿಬರುವುದು ಸೇರಿ ಒಂದು ಸುತ್ತು.

ಇಲ್ಲಿ ಬಹಳ ಜನ ಎಡವುತ್ತಾರೆ. ಮುಂಗೈ ಕೂದಲಿನ ಬುಡಕ್ಕೆ ಕತ್ತಿ ತಾಗಿಸಿದಾಗ ಹಿಡಿಯ ಕಡೆ, ನಡುಭಾಗ, ತುದಿ, ಮೂರು ಕಡೆಯೂ ಒಂದೇ ಸಮ ಕತ್ತರಿಸಬೇಕು. ತುದಿ ಒಂದಿಷ್ಟು ಹಿಂದುಳಿದಿದ್ದರೂ ಮುಂದಿನ ಕಲ್ಲಿಗೆ ಹೋಗಬೇಡಿ. 8000 ಗ್ರಿಟ್ ಬಾಯಿಗೆ ಹೊಳಪು ಕೊಡುತ್ತದೆ, ಇಲ್ಲದ ಬಾಯಿಯನ್ನು ಹುಟ್ಟಿಸುವುದಿಲ್ಲ. 1000ರಲ್ಲಿ ಈ ಪರೀಕ್ಷೆ ಪಾಸಾದ ಮೇಲೆ 4000ದಲ್ಲಿ 40 ಸುತ್ತು, 8000ದಲ್ಲಿ 30 ಸುತ್ತು, ಒತ್ತಡ ಇಳಿಸುತ್ತಾ ಕೊನೆಗೆ ಕತ್ತಿಯ ಸ್ವಂತ ಭಾರವಷ್ಟೇ ಉಳಿಯಲಿ. ಹಿಂದಿನ ಕಲ್ಲಿನ ಗೀರು ಭೂತಗನ್ನಡಿಯಲ್ಲಿ ಕಾಣುತ್ತಿದ್ದರೆ ಸುತ್ತು ಹೆಚ್ಚಿಸಿ.

ಇಷ್ಟೆಲ್ಲ ತಾತನ ಕತ್ತಿಯ ಮೇಲೆಯೇ ಕಲಿಯಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಗ್ಗದ ಹಳೆ ಕತ್ತಿಯೊಂದನ್ನು ಕೈಯಾಡಿಸಲು ಇಟ್ಟುಕೊಳ್ಳಿ. ಹಾಸನ, ಚಿಕ್ಕಮಗಳೂರಿನ ಸಲೂನುಗಳಲ್ಲಿ ಈಗ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿಯೇ ಹೆಚ್ಚು. ಹಳೆಯ ಕತ್ತಿ ಮಸೆದು ಗೊತ್ತಿರುವ ಹಿರಿಯ ಕ್ಷೌರಿಕರು ಸಿಕ್ಕರೆ, ಅವರ ಕೈ ನೋಡಿ ಅರ್ಧ ಗಂಟೆಯಲ್ಲಿ ಕಲಿಯುವುದನ್ನು ನಾನು ಎಷ್ಟು ಬರೆದರೂ ಕಲಿಸಲಾರೆ.

ಕಲ್ಲಾದ ಮೇಲೆ, ಕತ್ತಿ ಎಳೆದು ಬಾಯಿ ನಯಮಾಡುವ ಚರ್ಮದ ಪಟ್ಟಿ. ಇದು ದಿನದ ಕೆಲಸ, ಪ್ರತಿ ಶೇವಿಗೂ ಮುಂಚೆ: ದಪ್ಪ ಹತ್ತಿ ಬಟ್ಟೆಯ ಮೇಲೆ 20 ಸುತ್ತು, ಚರ್ಮದ ಮೇಲೆ 40ರಿಂದ 50. ಕಲ್ಲಿನ ಮೇಲೆ ಬಾಯಿ ಮುಂದಾದರೆ ಇಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿ ಸೀಳುತ್ತದೆ. ಪಟ್ಟಿ ಜೋತರೆ ಬಾಯಿ ದುಂಡಗಾಗುತ್ತದೆ, ಬಿಗಿಯಾಗಿ ಹಿಡಿಯಿರಿ. ಮೇಲೆ ಬಣ್ಣದ ಲೇಪವಿಲ್ಲದ ದಪ್ಪ ಚರ್ಮವನ್ನು ಮಟ್ಟಸ ಹಲಗೆಗೆ ಅಂಟಿಸಿಕೊಂಡರೆ ಹೊಸಬರಿಗೆ ಇನ್ನೂ ಸುಲಭ. ಮೊದಮೊದಲು ನಿಧಾನವಾಗಿ ಎಳೆಯಿರಿ, ವೇಗ ತಾನಾಗಿ ಬರುತ್ತದೆ.

ಇನ್ನು ಮುಖ. ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಗಡ್ಡ ನೆನೆಸಿ, ದಪ್ಪ ನೊರೆ ಹಚ್ಚಿ. ಅರಸೀಕೆರೆ ಕಡೆಯ ಬೋರ್‌ವೆಲ್ ನೀರಿನಂಥ ಗಡಸು ನೀರಾದರೆ ನೊರೆ ಬೇಗ ಒಡೆಯುತ್ತದೆ. ಸೋಪು ಹೆಚ್ಚು ಹಾಕಿ, ಇಲ್ಲವೇ ಹಿಡಿದಿಟ್ಟ ಮಳೆನೀರು ಬಳಸಿ. ಕತ್ತಿಯನ್ನು ಕೆನ್ನೆಯ ಮೇಲೆ ಮಲಗಿಸಿ, ಬೆನ್ನು ತನ್ನ ದಪ್ಪದ ಎರಡರಷ್ಟು ಚರ್ಮದಿಂದ ಮೇಲೇಳಲಿ. ಅದು ಸುಮಾರು 30 ಡಿಗ್ರಿ. ತೀರಾ ಮಲಗಿಸಿದರೆ ಕೂದಲು ಎಳೆಯುತ್ತದೆ, ಹೆಚ್ಚು ನಿಲ್ಲಿಸಿದರೆ ಚರ್ಮ ಕೆರೆಯುತ್ತದೆ. ಇನ್ನೊಂದು ಕೈಯಿಂದ ಚರ್ಮ ಬಿಗಿಹಿಡಿದು, ಕೂದಲು ಬೆಳೆದ ದಿಕ್ಕಿಗೆ, ಎರಡು ಮೂರು ಸೆಂ.ಮೀ. ಉದ್ದದ ಎಳೆತಗಳು. ಅಲಗಿನ ಉದ್ದಕ್ಕೆ, ಅಂದರೆ ಅಡ್ಡಡ್ಡ, ಎಂದಿಗೂ ಜಾರಿಸಬೇಡಿ. ಗಾಯವಾಗುವುದು ಹೆಚ್ಚಾಗಿ ಹಾಗೆಯೇ. ಮೊದಲ ವಾರ ಎರಡು ಕೆನ್ನೆ ಮಾತ್ರ, ಉಳಿದದ್ದನ್ನು ನಿಮ್ಮ ಮಾಮೂಲಿ ರೇಜರ್‌ನಲ್ಲಿ ಮುಗಿಸಿ. ಆಮೇಲೆ ಕುತ್ತಿಗೆ, ಎಲ್ಲಕ್ಕಿಂತ ಕೊನೆಗೆ ಗದ್ದ ಮತ್ತು ಮೀಸೆಯ ಜಾಗ. ಸಣ್ಣ ಗೀರಿಗೆ ಒದ್ದೆ ಪಟಿಕ ಒತ್ತಿದರೆ ರಕ್ತ ನಿಲ್ಲುತ್ತದೆ.

ಮುಗಿದ ಮೇಲೆ ತೊಳೆದು, ಬೆನ್ನಿನ ಕಡೆಯಿಂದ ಒರೆಸಿ, ಹತ್ತು ನಿಮಿಷ ತೆರೆದಿಟ್ಟು ಆಮೇಲೆ ಮಡಚಿ. ಸಕಲೇಶಪುರದ ಮಳೆಗಾಲದಲ್ಲಿ ಇಂಥ ಕಾರ್ಬನ್ ಉಕ್ಕು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಲ್ಲದು, ಬಚ್ಚಲಮನೆಯಲ್ಲಿ ಇಡಬೇಡಿ. ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ, ಸಿಲಿಕಾ ಜೆಲ್ ಚೀಟಿ ಹಾಕಿದ ಡಬ್ಬಿಯಲ್ಲಿಡಿ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ, ಹಳತಾದರೆ ಕಮಟುತ್ತದೆ, ಅದು ಬೇಡ. ಎರಡು ಮೂರು ತಿಂಗಳ ಮೇಲೆ, ಚರ್ಮದ ಪಟ್ಟಿಗೆ ಹಾಕಿದರೂ ಕೂದಲು ಎಳೆಯತೊಡಗಿದಾಗ, 8000ದ ಕಲ್ಲಿನಲ್ಲಿ ಹತ್ತು ಹದಿನೈದು ಸುತ್ತು ಸಾಕು. ಬಾಯಿ ಚಕ್ಕೆ ಹಾರದಿದ್ದರೆ ಮತ್ತೆ 1000ಕ್ಕೆ ಇಳಿಯಬೇಕಾಗಿಲ್ಲ.