ರಾತ್ರಿ ಸುಮ್ನೆ ಇಟ್ಟಿರೋ ಫೋನಲ್ಲಿ ಚಾರ್ಜ್ ಇಳಿಯತ್ತೆ, ಬ್ಯಾಟರಿ ಬದಲಾಯಿಸ್ಲಾ?

ರಾತ್ರಿ 100 ಇದ್ದದ್ದು ಬೆಳಿಗ್ಗೆ ಏಳೋ ಹೊತ್ತಿಗೆ 65 ಆಗಿರತ್ತೆ, ಹಗಲು ತೊಂದರೆ ಇಲ್ಲ, ಫೋನ್‌ಗೆ ಎರಡು ವರ್ಷ, ಹೊಸ ಬ್ಯಾಟರಿ ಹಾಕಿಸ್ಲಾ ಅಂತ ಕೇಳಿದೀರ. ತಡೀರಿ, ಈಗಲೇ ಹಾಕಿಸ್ಬೇಡಿ. ನಾನೂ ಹೀಗೇ ಗಡಿಬಿಡಿ ಮಾಡ್ಕೊಂಡು ಹಾಕಿಸ್ದೆ, ಮಾರನೇ ದಿನ ನೋಡಿದ್ರೆ ಅದೇ ರಾಗ ಅದೇ ತಾಳ.

ಬ್ಯಾಟರಿ ಮುದಿಯಾಗಿದ್ರೆ ಹಗಲೂ ಕಾಟ ಕೊಡತ್ತೆ. 20 ಪರ್ಸೆಂಟ್ ಇದೆ ಅಂತ ತೋರಿಸ್ತಿರೋವಾಗ್ಲೇ ಕ್ಯಾಮೆರಾ ಓಪನ್ ಮಾಡಿದ್ರೆ ಪಟ್ ಅಂತ ಆಫ್ ಆಗತ್ತೆ, ಯಾಕಂದ್ರೆ ಹಳೇದಾದಷ್ಟೂ ಅದರ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ ಆಗಿ, ಒಮ್ಮೆಗೇ ಕರೆಂಟ್ ಎಳೆದ ತಕ್ಷಣ ವೋಲ್ಟೇಜ್ ಕುಸಿದುಬಿಡತ್ತೆ. ನಿಮ್ಮದು ಹಾಗಲ್ಲ, ಏನೋ ಒಂದು ಫೋನನ್ನ ನಿದ್ದೆ ಮಾಡೋಕೆ ಬಿಡ್ತಿಲ್ಲ ಅಷ್ಟೆ.

ಇವತ್ತು ರಾತ್ರಿ ಏರೋಪ್ಲೇನ್ ಮೋಡ್ ಹಾಕಿ ಮಲಗಿ, ವೈಫೈನೂ ಆಫ್ ಇದೆಯಾ ನೋಡ್ಕೊಳ್ಳಿ. ಅಲಾರಂ ಹೊಡಿಯತ್ತೆ, ಕಾಲ್ ಮಾತ್ರ ಬರಲ್ಲ. ಬೆಳಿಗ್ಗೆ ಎರಡು ಮೂರು ಪರ್ಸೆಂಟ್ ಅಷ್ಟೇ ಇಳಿದಿದ್ರೆ ಬ್ಯಾಟರಿದು ತಪ್ಪಿಲ್ಲ, ನೆಟ್‌ವರ್ಕ್ ಕಡೆ ಹುಡುಕಿ. ನನ್ನ ಕೇಸಲ್ಲಿ ಕಳ್ಳ ಸಿಕ್ಕಿದ್ದು ಎರಡನೇ ಸಿಮ್! ಮಲಗೋ ರೂಮಲ್ಲಿ ಅದಕ್ಕೆ ಸಿಗ್ನಲ್ಲೇ ಇರ್ಲಿಲ್ಲ, ಪಾಪ ರಾತ್ರಿಯಿಡೀ ಟವರ್ ಹುಡುಕ್ತಾ ಕೂತಿತ್ತು. ಸಿಗ್ನಲ್ ವೀಕ್ ಆದಷ್ಟೂ ಫೋನ್ ಟವರ್‌ಗೆ ಮುಟ್ಟಿಸೋಕೆ ಜೋರಾಗಿ ಕೂಗ್ಬೇಕು, ಅದಕ್ಕೇ ಪವರ್ ಹೋಗೋದು, ಮನೇಲಿ ವೈಫೈ ಇದೆ ಅಂದ ಮಾತ್ರಕ್ಕೆ ಸಿಮ್ ಸುಮ್ನೆ ಕೂರಲ್ಲ. ಸೆಟ್ಟಿಂಗ್ಸಲ್ಲಿ ಆ ಸಿಮ್ ಆಫ್ ಮಾಡಿದೆ, ಅವತ್ತಿಂದ ರಾತ್ರಿಗೆ 4 ಪರ್ಸೆಂಟ್ ದಾಟಿಲ್ಲ. ಹೊಸ ಬ್ಯಾಟರಿ ದುಡ್ಡು ಹೋಯ್ತು, ಇರ್ಲಿ.

ಏರೋಪ್ಲೇನ್ ಮೋಡಲ್ಲೂ 30 ಇಳೀತು ಅಂದ್ರೆ ಯಾವುದೋ ಆ್ಯಪ್ ಮೇಲೆ ಡೌಟ್ ಪಡಿ. ಆಂಡ್ರಾಯ್ಡ್ ಆದ್ರೆ ಒಂದು ರಾತ್ರಿ ಸೇಫ್ ಮೋಡಲ್ಲಿ ಇಟ್ಟು ನೋಡಿ, ಅದರಲ್ಲಿ ನೀವು ಹಾಕ್ಕೊಂಡಿರೋ ಆ್ಯಪ್‌ಗಳು ಓಡಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಡೋಜ್ ಅಂತ ಇದೆ, ಸ್ಕ್ರೀನ್ ಆಫ್ ಆಗಿ ಫೋನ್ ಅಲ್ಲಾಡದೇ ಇದ್ರೆ ಆ್ಯಪ್‌ಗಳನ್ನ ಮಲಗಿಸತ್ತೆ, ಆದ್ರೆ ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಅಂತ ನಾವೇ ಪರ್ಮಿಷನ್ ಕೊಟ್ಟಿರೋ ಆ್ಯಪ್‌ಗಳ ಮೇಲೆ ಅದರ ಹಿಡಿತ ಕಮ್ಮಿ, ಅದನ್ನೊಮ್ಮೆ ಚೆಕ್ ಮಾಡಿ. ದೊಡ್ಡ ಅಪ್‌ಡೇಟ್ ಈಗಷ್ಟೇ ಆಗಿದ್ರೆ ಎರಡು ದಿನ ಸುಮ್ನಿರಿ, ಒಳಗೊಳಗೇ ಕೆಲಸ ನಡೀತಿರತ್ತೆ.

ಆ್ಯಪ್‌ಗಳನ್ನ ಸ್ವೈಪ್ ಮಾಡಿ ಮಾಡಿ ಕ್ಲೋಸ್ ಮಾಡೋ ಚಾಳಿ ಇದ್ರೆ ಬಿಟ್ಬಿಡಿ, ದಿನಾ ಬಳಸೋ ಆ್ಯಪನ್ನ ಪ್ರತಿ ಸಲ ಮೊದಲಿಂದ ಸ್ಟಾರ್ಟ್ ಮಾಡೋಕೇ ಜಾಸ್ತಿ ಖರ್ಚು. ಡಾರ್ಕ್ ಮೋಡ್ ಹಾಕಿ ಅಂತ ಯಾರಾದ್ರೂ ಹೇಳ್ತಾರೆ, ಕಪ್ಪು ಕಡೆ ಬೆಳಕೇ ಆಫ್ ಆಗೋ ಒಎಲ್ಇಡಿ ಸ್ಕ್ರೀನಲ್ಲಿ ಉಪಯೋಗ ಇದೆ, ಹಿಂದಿಂದ ಯಾವಾಗ್ಲೂ ಲೈಟ್ ಉರಿಯೋ ಎಲ್ಸಿಡಿಲಿ ಇಲ್ಲ, ಮತ್ತೆ ನಿಮ್ಮ ಸ್ಕ್ರೀನ್ ರಾತ್ರಿ ಹೇಗೂ ಆಫೇ ಇರತ್ತಲ್ಲ!

ಇಷ್ಟೆಲ್ಲ ಮಾಡಿದ್ಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ಆಗ ಬ್ಯಾಟರಿ ಹೆಲ್ತ್, ಅಂದ್ರೆ ಹೊಸದಿದ್ದಾಗಿನ ತಾಕತ್ತಲ್ಲಿ ಈಗ ಎಷ್ಟು ಉಳಿದಿದೆ ಅಂತ ನೋಡಿ, 80 ಪರ್ಸೆಂಟ್‌ಗಿಂತ ಕೆಳಗಿದ್ರೆ ಬದಲಾಯಿಸಿ. ಹಾಂ, ಫೋನಿನ ಹಿಂಭಾಗ ಉಬ್ಬಿದ್ರೆ ಅಥವಾ ಸ್ಕ್ರೀನ್ ಮೇಲೆದ್ದಿದ್ರೆ ಈ ಟೆಸ್ಟ್ ಯಾವುದೂ ಬೇಡ, ಚಾರ್ಜ್‌ಗೆ ಹಾಕೋದನ್ನೇ ನಿಲ್ಲಿಸಿ, ಒತ್ತಿ ಸರಿಮಾಡೋಕೆ ಹೋಗದೆ ನೇರ ಸರ್ವಿಸ್ ಸೆಂಟರ್‌ಗೆ ಕೊಡಿ.